ಲಾರಿ ಗೇಟಿಗೆ ಬರೋ ಮೊದಲೇ: ವೆಬ್‌ಸೊಕ್ಯಾಟ್ ಬಳಸಿದ ಅನುಭವ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಗೇಟಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ನನ್ನದು. ಕೂತು ಬರೆಯೋದು ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಮನೆಯ ಮೇಲಿನ ಕೋಣೆಯಲ್ಲಿ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತ ಕೂಡಲೇ ತೂಕ, ಗಾಡಿ ನಂಬರು, ಆಕ್ಸಲ್ ಎಷ್ಟು ಅನ್ನೋದು ವೆಬ್‌ಸಾಕೆಟ್ ಮೂಲಕ, ಅಂದರೆ ಎರಡೂ ಕಡೆಯಿಂದ ಮೆಸೇಜ್ ಹೋಗಿಬರೋಕೆ ತೆರೆದೇ ಇರುವ ಸಂಪರ್ಕದಲ್ಲಿ, ನಮ್ಮ ಸರ್ವರಿಗೆ ಬರುತ್ತದೆ. ಒಳಗೆ ಬಿಡಬೇಕಾ ಬೇಡವಾ ಅಂತ ಸರ್ವರ್ ಓಪನ್ ಪಾಲಿಸಿ ಏಜೆಂಟನ್ನು, ಅಂದರೆ ಓಪಿಎಯನ್ನು ಕೇಳುತ್ತದೆ; ನಾವು ಬರೆದಿಟ್ಟ ನಿಯಮ ನೋಡಿ ಉತ್ತರ ಹೇಳುವ ಸಾಫ್ಟ್‌ವೇರ್ ಅದು. ಓಪಿಎ ಮಾತಾಡೋದು ವೆಬ್‌ಸಾಕೆಟ್ ಅಲ್ಲ, ಎಚ್‌ಟಿಟಿಪಿ, ಪೋರ್ಟ್ 8181. ನಡುವಿನ ಸೇತುವೆ ನಾವೇ ಕಟ್ಟಿಕೊಂಡಿದ್ದು.

ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ನಿಯಮ ತಪ್ಪಿದರೆ ಡ್ರೈವರುಗಳು ಬಿಸಿಲಲ್ಲಿ ಬೇಯಬೇಕು. ಅದಕ್ಕೇ ಮನೆಯಿಂದಲೇ ಸುಳ್ಳು ಲಾರಿಗಳನ್ನು ಕಳಿಸಿ ನೋಡೋಕೆ ವೆಬ್‌ಸೊಕ್ಯಾಟ್ ಇಟ್ಟುಕೊಂಡೆ. ವೆಬ್‌ಸಾಕೆಟ್ ಮೆಸೇಜ್ ಕಳಿಸಿ, ಬಂದ ಉತ್ತರ ತೋರಿಸುವ, ರಸ್ಟ್ ಭಾಷೆಯಲ್ಲಿ ಬರೆದ ಕಮಾಂಡ್ ಲೈನ್ ಸಾಧನ ಇದು. ದುಡ್ಡು ಕೊಡಬೇಕಿಲ್ಲ, ಒಂದೇ ಫೈಲು, ಇಳಿಸಿಕೊಂಡರೆ ಮುಗೀತು. ಬ್ರೌಸರಿನಲ್ಲಿ ವೆಬ್‌ಸಾಕೆಟ್ ತೆರೆದರೆ ನಮ್ಮದೇ ಹೆಡರ್, ಅಂದರೆ ಕೋರಿಕೆಯ ಜೊತೆ ಹೋಗುವ ಮಾಹಿತಿ ಸಾಲು, ಸೇರಿಸೋಕೆ ಬರಲ್ಲ. ಇಲ್ಲಿ ಮೈನಸ್ ಎಚ್ (-H) ಆಯ್ಕೆ ಕೊಟ್ಟರೆ ಸರ್ವರ್ ನಮ್ಮನ್ನು ಗುರುತಿಸುವ ಟೋಕನ್ ಹೆಡರಿನಲ್ಲಿ ಹೋಗುತ್ತದೆ. ನನಗೆ ಇದೊಂದೇ ಸಾಕಿತ್ತು.

ಮೊದಲ ದಿನ ಮಾತ್ರ ಒದ್ದಾಡಿದೆ. ಓದೋಕೆ ಚೆನ್ನಾಗಿರಲಿ ಅಂತ ಲಾರಿಯ ಮಾಹಿತಿ ಇರುವ ಜೇಸನ್ ಪಠ್ಯವನ್ನು ಆರು ಸಾಲಿನಲ್ಲಿ ಬರೆದಿದ್ದೆ. ವೆಬ್‌ಸೊಕ್ಯಾಟ್‌ಗೆ ಒಂದು ಸಾಲು ಅಂದರೆ ಒಂದು ಮೆಸೇಜು. ಹಾಗಾಗಿ ಒಂದು ಲಾರಿ ಆರು ತುಂಡಾಗಿ ಹೋಯಿತು, ಸರ್ವರ್ ಆರು ಸಲ ಎರರ್ ಕೊಟ್ಟಿತು. ಜೆಕ್ಯೂ ಅನ್ನೋ ಜೇಸನ್ ಸಾಧನಕ್ಕೆ ಮೈನಸ್ ಸಿ (-c) ಹಾಕಿ ಒಂದೇ ಸಾಲಿಗೆ ಮಡಚಿದ ಮೇಲೆ ಸರಿಹೋಯಿತು. ಇನ್ನೊಂದು: ಫೈಲಿನಿಂದ ಈವೆಂಟ್, ಅಂದರೆ ಲಾರಿ ಬಂತು ಅನ್ನೋ ಮೆಸೇಜುಗಳನ್ನು, ಸುರಿದಾಗ ಫೈಲು ಮುಗಿದ ತಕ್ಷಣ ಸಂಪರ್ಕ ಮುಚ್ಚುತ್ತದೆ, ಕೊನೆಯ ಉತ್ತರಗಳು ಕೈಗೆ ಸಿಗೋದೇ ಇಲ್ಲ. ಮೈನಸ್ ಎನ್ (-n) ಹಾಕಿ, ಸಂಪರ್ಕ ತಕ್ಷಣ ಮುಚ್ಚಲ್ಲ.

ಆದರೆ ಈ ಸಾಧನದ ಬೆಲೆ ನನಗೆ ಗೊತ್ತಾಗಿದ್ದು ಬೇರೆ ಕಡೆ. ಮೂರು ಆಕ್ಸಲ್ ಲಾರಿಗೆ ಸರಕು ಸೇರಿ 28.5 ಟನ್ ಮಿತಿ. 2018ಕ್ಕೆ ಮೊದಲು 25 ಇತ್ತು. ನಮ್ಮ ನಿಯಮ ಸುಲಭ: ತೂಕ 28,500 ಕಿಲೋ ಅಥವಾ ಕಡಿಮೆ ಇದ್ದರೆ ಬಿಡು. ನಾನು 28,500 ಕಳಿಸಿದೆ, ಬಿಟ್ಟಿತು. 28,510 ಕಳಿಸಿದೆ, ತಡೆಯಿತು. ಖುಷಿಯಾಯಿತು. ಆಮೇಲೆ ವೇಬ್ರಿಡ್ಜ್ ಯಂತ್ರದ ನಿಜವಾದ ಲಾಗಿನಿಂದ ಒಂದು ಸಾಲು ಎತ್ತಿ ಹಾಗೇ ಕಳಿಸಿದೆ. ತೂಕ ಬರೀ 19,240. ತಡೆಯಿತು! ಖಾಲಿ ಲಾರಿ ಕಳಿಸಿದೆ. ಅದನ್ನೂ ತಡೆಯಿತು.

ಕಣ್ಣಿಟ್ಟು ನೋಡಿದರೆ ಆ ಸಾಲಿನಲ್ಲಿ ತೂಕದ ಎರಡೂ ಕಡೆ ಉದ್ಧರಣ ಚಿಹ್ನೆ. ಯಂತ್ರ ತೂಕವನ್ನು ಸಂಖ್ಯೆಯಾಗಿ ಕಳಿಸುತ್ತಿರಲಿಲ್ಲ, ಪಠ್ಯವಾಗಿ ಕಳಿಸುತ್ತಿತ್ತು. ಓಪಿಎ ನಿಯಮಗಳ ಭಾಷೆ ರೆಗೋದಲ್ಲಿ ಯಾವ ಪಠ್ಯವೂ ಯಾವ ಸಂಖ್ಯೆಗಿಂತಲೂ ದೊಡ್ಡದು. ಎರರ್ ಬರಲ್ಲ, ಎಚ್ಚರಿಕೆಯೂ ಇಲ್ಲ, ಸುಮ್ನೆ ಎಲ್ಲ ಲಾರಿಗೂ ಬೇಡ ಅನ್ನುತ್ತದೆ. ನಿಯಮದಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ಟು ನಂಬರ್ ಅಂತ ಒಂದು ಪದ ಸೇರಿಸಿದೆ, ಗೇಟು ತೆರೆಯಿತು. ಕೈಯಾರೆ ಬರೆದ ಈವೆಂಟ್ ಮಾತ್ರ ನಂಬಿದ್ದರೆ ಇದು ಗೊತ್ತಾಗುತ್ತಿದ್ದದ್ದು ಮಿಲ್ಲಿನ ಮುಂದೆ, ಲಾರಿಗಳ ಸಾಲಿನ ನಡುವೆ. ಆ ದಿನ ಕೆಳಗಿಳಿದು ಹೋಗಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಬಂದೆ. ಅಷ್ಟು ಹಗುರಾಗಿತ್ತು ಮನಸ್ಸು.

ಕೊರತೆ ಇಲ್ಲ ಅಂತಲ್ಲ. 64 ಕೆಬಿಗಿಂತ ಜಾಸ್ತಿ ಇರುವ ಮೆಸೇಜಿಗೆ ಬಫರ್, ಅಂದರೆ ಮೆಸೇಜ್ ಹಿಡಿದಿಡುವ ಜಾಗ, ನಾವೇ ಹೆಚ್ಚಿಸಬೇಕು. ಫೋಟೋ ಸೇರಿಸಿ ಕಳಿಸೋರು ನೆನಪಿಟ್ಟುಕೊಳ್ಳಿ. ಬಂದ ಉತ್ತರ ಸರಿಯೋ ತಪ್ಪೋ ಅಂತ ಅದು ಹೇಳಲ್ಲ, ಹೋಲಿಸಿ ನೋಡೋಕೆ ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡೆ. ಆಯ್ಕೆಗಳ ಪಟ್ಟಿಯೂ ಉದ್ದ, ಹೊಸಬರಿಗೆ ತಲೆ ತಿರುಗುತ್ತದೆ.

ಈಗ ಲಾಗಿನಿಂದ ಆರಿಸಿದ 40 ಸಾಲಿನ ಫೈಲೊಂದು ನನ್ನ ಹತ್ತಿರ ಇದೆ. ನಿಯಮದಲ್ಲಿ ಒಂದಕ್ಷರ ಬದಲಿಸಿದರೂ ಆ ನಲವತ್ತು ಲಾರಿಗಳು ಮೊದಲು ಕೌಲ್ ಬಜಾರ್ ದಾಟಿಯೇ ಗಂಗಾವತಿಗೆ ಹೋಗಬೇಕು.