ಸಹಿಯೂ ಬೇಕು, ಗ್ರೇಡೂ ಬೇಕು: ಸಿಜಿಸಿಯ ಹಳದಿ ಲೇಬಲ್ ಯಾವ ಕಾಮಿಕ್‌ಗೆ ಹೊಂದುತ್ತದೆ?

ಕಲಾವಿದರ ಮೇಜಿನ ಮುಂದೆ ಸಾಲಿನಲ್ಲಿ ನಿಂತು ಸಹಿ ಹಾಕಿಸಿ, ಪುಸ್ತಕವನ್ನು ಮನೆಗೆ ತಂದು, ಆರು ತಿಂಗಳ ಮೇಲೆ 'ಇದನ್ನು ಗ್ರೇಡ್ ಮಾಡಿಸೋಣ' ಎಂದು ಹೊರಟರೆ ತಡವಾಯಿತು ಎಂದೇ ಅರ್ಥ. ಕಾಮಿಕ್ ಪುಸ್ತಕದ ಸ್ಥಿತಿ ನೋಡಿ ಅಂಕ (ಗ್ರೇಡ್) ಕೊಡುವ ಕಂಪನಿಯಾದ ಸಿಜಿಸಿ ಕೊಡುವ ಹಳದಿ ಲೇಬಲ್, ಅಂದರೆ ಸಿಗ್ನೇಚರ್ ಸೀರೀಸ್, ಆ ಕಂಪನಿ ಒಪ್ಪಿದ ಸಾಕ್ಷಿಯ ಕಣ್ಣೆದುರು ಬಿದ್ದ ಸಹಿಗೆ ಮಾತ್ರ ಸಿಗುತ್ತದೆ. ಸಹಿ ಬಿದ್ದ ಗಳಿಗೆಯಿಂದ ಪುಸ್ತಕ ಸಾಕ್ಷಿಯ ವಶದಲ್ಲೇ ಇರಬೇಕು, ಅವರ ಕೈಯಿಂದಲೇ ಕಂಪನಿಗೆ ಹೋಗಬೇಕು. ನಡುವೆ ಒಂದು ದಿನ ನಿಮ್ಮ ಚೀಲ ಸೇರಿದರೂ ಆ ಸರಪಳಿ ಕಡಿದಂತೆ. ಆದ್ದರಿಂದ ಗ್ರೇಡಿಂಗ್ ಬೇಕೋ ಬೇಡವೋ ಎಂಬುದು ಸಹಿಗೆ ಮುಂಚೆಯೇ ತೀರ್ಮಾನವಾಗಬೇಕು. ಈ ಸೇವೆಯ ಬಗ್ಗೆ ಬೇರೆ ಏನೇ ಹೇಳಿದರೂ ಅದು ಇದಾದ ಮೇಲಿನ ಮಾತು.

ಸಿಜಿಸಿ 2000ದಲ್ಲಿ ಶುರುವಾದ ಕಂಪನಿ. ಅಮೆರಿಕದ ಫ್ಲಾರಿಡಾದ ಸಾರಸೋಟದಲ್ಲಿದೆ. ಕೆಲಸ ಕೇಳಲು ಸರಳ. ಪುಸ್ತಕದ ಪುಟ ಎಣಿಸುತ್ತಾರೆ, ಬಣ್ಣ ಹಚ್ಚಿದ್ದಾರೆಯೇ, ಹರಿದದ್ದನ್ನು ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ, ಒಬ್ಬರಿಗಿಂತ ಹೆಚ್ಚು ಗ್ರೇಡರ್‌ಗಳು ನೋಡಿ 0.5ರಿಂದ 10.0ರವರೆಗೆ ಒಂದು ಅಂಕ ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕಳಿಸುತ್ತಾರೆ. ಸಂಗ್ರಹಕಾರರ ಬಾಯಲ್ಲಿ ಇದೇ ಸ್ಲ್ಯಾಬ್. ಲೇಬಲ್ಲಿನ ಬಣ್ಣ ಬಹಳಷ್ಟು ಹೇಳುತ್ತದೆ: ನೀಲಿ ಸಾಮಾನ್ಯ ಪ್ರತಿಗೆ, ಹಳದಿ ಸಾಕ್ಷಿಯಿರುವ ಸಹಿಗೆ, ನೇರಳೆ ರಿಪೇರಿ ಕಂಡ ಪ್ರತಿಗೆ, ಹಸಿರು ಒಂದು ದೊಡ್ಡ ದೋಷವನ್ನು ಬದಿಗಿಟ್ಟು ಅಂಕ ಕೊಟ್ಟ ಪ್ರತಿಗೆ. ಸಾಕ್ಷಿಯಿಲ್ಲದ ಸಹಿಯನ್ನು ಈ ಪದ್ಧತಿ ಸಾಮಾನ್ಯವಾಗಿ ಮುಖಪುಟದ ಮೇಲಿನ ಬರಹ ಎಂದಷ್ಟೇ ಎಣಿಸುತ್ತದೆ. ಹಾಗಾಗಿ ಹಸಿರು ಲೇಬಲ್ ಬರಬಹುದು, ಇಲ್ಲವೇ ನೀಲಿಯಲ್ಲೇ ಅಂಕ ಕಡಿತವಾಗಬಹುದು.

ಹಳದಿ ಲೇಬಲ್ಲಿನ ಅಂಕ ಪುಸ್ತಕದ ಸ್ಥಿತಿಗೆ ಸೇರಿದ್ದು, ಸಹಿಯ ಅಂದಕ್ಕಲ್ಲ. ಸಹಿ ವಕ್ರವಾಗಿದ್ದರೂ, ಮುಖ್ಯ ಪಾತ್ರದ ಮುಖದ ಮೇಲೇ ಬಿದ್ದಿದ್ದರೂ 9.8 ಬರಬಹುದು. ಆದರೆ ಕೊಳ್ಳುವವರು ಮುಖಪುಟವನ್ನು ನೋಡಿಯೇ ನೋಡುತ್ತಾರೆ.

ಯಾವ ಪುಸ್ತಕಕ್ಕೆ ಈ ಖರ್ಚು ಸಾರ್ಥಕ? 1991ರ 'ಎಕ್ಸ್-ಮೆನ್' ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು, ಅದೂ ಹಲವು ಮುಖಪುಟಗಳಲ್ಲಿ. ಜನ ಕೊಂಡದ್ದೇ ಕೂಡಿಡಲು, ಹಾಗಾಗಿ ಹೊಸದರಂತಿರುವ ಪ್ರತಿಗಳಿಗೆ ಇವತ್ತಿಗೂ ಬರವಿಲ್ಲ. ಇದಕ್ಕೆ 9.8ಕ್ಕಿಂತ ಕಡಿಮೆ ಬಂದರೆ ಗ್ರೇಡಿಂಗ್ ಹಣವೇ ವಾಪಸಾಗುವುದು ಕಷ್ಟ. ಜಿಮ್ ಲೀ ಸಹಿಯಿದ್ದರೆ ಪುಸ್ತಕಕ್ಕೊಂದು ಅರ್ಥ ಬರುತ್ತದೆ, ಏಕೆಂದರೆ ಚಿತ್ರ ಅವರದೇ. ಆಗಲೂ ಕೊಳ್ಳುವವರು ಹಣ ಕೊಡುವುದು ಸಹಿಗೆ, ಪ್ರತಿಗಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ 1974ರ ನವೆಂಬರ್ ಸಂಚಿಕೆಯಾದ 'ಇನ್‌ಕ್ರೆಡಿಬಲ್ ಹಲ್ಕ್' 181. ಎಕ್ಸ್-ಮೆನ್ ಕಥೆಗಳ ಜನಪ್ರಿಯ ಪಾತ್ರ ವುಲ್ವರೀನ್ ಪೂರ್ಣವಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ ಇದು. ಬರೆದ ಲೆನ್ ವೀನ್ 2017ರಲ್ಲಿ, ಚಿತ್ರ ಬಿಡಿಸಿದ ಹರ್ಬ್ ಟ್ರಿಂಪ್ 2015ರಲ್ಲಿ, ವುಲ್ವರೀನ್‌ನ ವೇಷ ರೂಪಿಸಿದ ಜಾನ್ ರೊಮೀಟಾ ಸೀನಿಯರ್ 2023ರಲ್ಲಿ ತೀರಿಕೊಂಡರು. ಈ ಮೂವರ ಹಳದಿ ಲೇಬಲ್ ಪ್ರತಿಗಳು ಇನ್ನು ಮುಂದೆ ಹುಟ್ಟುವುದಿಲ್ಲ. ಅಂಥ ಪ್ರತಿ ಕಣ್ಣಿಗೆ ಬಿದ್ದರೆ ಬೆಲೆ ಕೊಟ್ಟು ಕೊಳ್ಳಬಹುದು. ಅದೇ ಹಲ್ಕ್ 181ರ ಚೊಕ್ಕ ನೀಲಿ ಪ್ರತಿ ನಿಮ್ಮ ಬಳಿ ಇದ್ದರೆ, ಆ ಪಾತ್ರದ ಹುಟ್ಟಿಗೆ ಸಂಬಂಧವೇ ಇಲ್ಲದವರ ಸಹಿಯನ್ನು ಅದರ ಮೇಲೆ ಹಾಕಿಸಬೇಡಿ. ಹಳೆಯ ಪ್ರಮುಖ ಸಂಚಿಕೆಗಳನ್ನು ಕೊಳ್ಳುವವರಲ್ಲಿ ಒಂದು ದೊಡ್ಡ ಗುಂಪಿಗೆ ಸಹಿ ಎಂದರೆ ಮುಖಪುಟದ ಮೇಲಿನ ಗಾಯ. ಎಷ್ಟು ಕಡಿಮೆ ಕೊಟ್ಟರೂ ಅವರು ಹಳದಿ ಪ್ರತಿ ಮುಟ್ಟುವುದಿಲ್ಲ. ಮಾರ್ವೆಲ್‌ನ ಹೆಸರಾಂತ ಚಿತ್ರಕಾರ ಜಾಕ್ ಕರ್ಬಿ ತೀರಿಕೊಂಡದ್ದು 1994ರಲ್ಲಿ, ಸಿಜಿಸಿ ಹುಟ್ಟುವ ಮೊದಲೇ. ಹೀಗಾಗಿ ಅವರ ಸಹಿಗೆ ಸಾಕ್ಷಿಯಿರುವ ಹಳದಿ ಲೇಬಲ್ ಎಂಬುದೇ ಇಲ್ಲ. ಇದೆ ಎಂದು ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಮಾರ್ವೆಲ್‌ನ ಬರಹಗಾರ ಸ್ಟಾನ್ ಲೀ 2018ರ ನವೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಸಹಿ ಹಾಕಿದ್ದು ಲೆಕ್ಕವಿಲ್ಲದಷ್ಟು. ಅವರ ಸಹಿ ಅಪರೂಪವಲ್ಲ, ಯಾವ ಪುಸ್ತಕದ ಮೇಲಿದೆ ಎಂಬುದೇ ಬೆಲೆ ಕಟ್ಟುತ್ತದೆ.

ಕಳಿಸುವ ಮೊದಲು ಪ್ರತಿಯನ್ನು ಕಠೋರವಾಗಿ ನೋಡಬೇಕು. ಒಂದೇ ದೀಪ ಹಚ್ಚಿ, ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಹಿಡಿಯಿರಿ. ನೇರವಾಗಿ ನೋಡಿದಾಗ ಕಾಣದ ಬೆರಳಿನ ತಗ್ಗು, ಅಲೆ, ಮಡಿಕೆ ಎಲ್ಲ ಆಗ ಎದ್ದು ಬರುತ್ತವೆ. ಬೆನ್ನಿನ ಉದ್ದಕ್ಕೆ ಸಣ್ಣ ಅಡ್ಡಗೆರೆಗಳಿದ್ದರೆ ಎಣಿಸಿ. ಆ ಗೆರೆಯಲ್ಲಿ ಬಣ್ಣ ಕಿತ್ತು ಬಿಳಿ ಕಾಗದ ಕಾಣುತ್ತಿದೆಯೇ, ಬರೀ ಬಾಗಿದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬಣ್ಣ ಒಡೆದಿದ್ದರೆ ಅದು ಶಾಶ್ವತ. ಹಾಗಲ್ಲದಿದ್ದರೆ ಪ್ರೆಸ್ಸಿಂಗ್‌ನಲ್ಲಿ, ಅಂದರೆ ಬಿಸಿಯಲ್ಲಿ ಒತ್ತಿ ಮಟ್ಟ ಮಾಡಿದಾಗ, ಹೋಗಬಹುದು. ಪಿನ್ನುಗಳಿಗೆ ತುಕ್ಕು ಹಿಡಿದಿದೆಯೇ, ನಡುವಿನ ಹಾಳೆ ಎರಡೂ ಪಿನ್ನಿಗೆ ಕಚ್ಚಿಕೊಂಡಿದೆಯೇ ನೋಡಿ. ಪುಟಗಳನ್ನು ಒಂದೊಂದಾಗಿ ಎಣಿಸಿ. 1970ರ ದಶಕದ ನಡುವಿನ ಮಾರ್ವೆಲ್ ಸಂಚಿಕೆಗಳಲ್ಲಿ ಓದುಗರು ಕತ್ತರಿಸಿ ಕೂಡಿಡಲೆಂದು ವ್ಯಾಲ್ಯೂ ಸ್ಟ್ಯಾಂಪ್ ಅಚ್ಚಾಗುತ್ತಿತ್ತು, ಮಕ್ಕಳು ಕತ್ತರಿಸಿಯೂ ಬಿಟ್ಟರು. ಹಲ್ಕ್ 181ರಲ್ಲಿ ಶಾನಾ ಎಂಬ ಪಾತ್ರದ ಚಿತ್ರವಿರುವ ಸ್ಟ್ಯಾಂಪ್ ಇಲ್ಲದಿದ್ದರೆ ಮುಖಪುಟ ಎಷ್ಟೇ ಹೊಳೆದರೂ ಹಸಿರು ಲೇಬಲ್ಲೋ ತೀರ ಕೆಳಗಿನ ನೀಲಿ ಅಂಕವೋ ಬರುತ್ತದೆ. 1983ರ 'ಅಮೇಜಿಂಗ್ ಸ್ಪೈಡರ್-ಮ್ಯಾನ್' 238ರ ಒಳಗೆ ಮೈಮೇಲೆ ಅಂಟಿಸಿಕೊಳ್ಳುವ ಟ್ಯಾಟೂ ಹಾಳೆ ಇರಬೇಕು. ಅದಿಲ್ಲದ್ದು ಅಪೂರ್ಣ ಪ್ರತಿ. ಇಂಥವನ್ನು ನೋಡದೆ ಮುಖಪುಟಕ್ಕೆ ಸಹಿ ಹಾಕಿಸಿ ಕಳಿಸುವುದೇ ಅತಿ ಹೆಚ್ಚು ಹಣ ಮುಳುಗುವ ದಾರಿ.

ಪ್ರೆಸ್ಸಿಂಗ್ ಎಂದರೆ ತೇವ, ಬಿಸಿ, ಒತ್ತಡ ಈ ಮೂರರಿಂದ ಕಾಗದವನ್ನು ಮಟ್ಟ ಮಾಡುವುದು. ಪುಸ್ತಕವನ್ನು ಸ್ವಲ್ಪ ತೇವದ ಗಾಳಿಯಲ್ಲಿಟ್ಟು, ಅಂಟದ ಸಿಲಿಕೋನ್ ಕಾಗದದ ನಡುವೆ ಇಟ್ಟು, ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯ ಪ್ರೆಸ್‌ನಲ್ಲಿ ಒತ್ತಿ, ಭಾರದ ಕೆಳಗೇ ನಿಧಾನವಾಗಿ ಆರಲು ಬಿಡುತ್ತಾರೆ. ಸಿಜಿಸಿ ಇದನ್ನು ರಿಪೇರಿ ಎಂದು ಪರಿಗಣಿಸುವುದಿಲ್ಲ, ನೀಲಿ ಲೇಬಲ್ ಉಳಿಯುತ್ತದೆ. ಬಣ್ಣದ ಪೆನ್ನಿನಿಂದ ಒಂದು ಚುಕ್ಕೆ ತುಂಬಿಸಿದರೂ ಸಾಮಾನ್ಯವಾಗಿ ನೇರಳೆ. ಬಿಸಿ ಹೆಚ್ಚಾದರೆ ಮುಖಪುಟ ಕುಗ್ಗಿ ಒಳಪುಟಗಳ ಅಂಚು ಬಲಬದಿಯಲ್ಲಿ ಹೊರಗೆ ಇಣುಕುತ್ತದೆ. ಒತ್ತಡ ಹೆಚ್ಚಾದರೆ ಪಿನ್ನಿನ ಗುರುತು ಮುಖಪುಟದ ಮೇಲೆ ಮೂಡುತ್ತದೆ, ಅದಕ್ಕೆ ಮದ್ದಿಲ್ಲ. ಪ್ರೆಸ್ಸಿಂಗ್ ಸಹಿಗೆ ಮೊದಲೇ ಆಗಬೇಕು. ಸಹಿಯ ಮೇಲೆ ಬಿಸಿ, ತೇವ ತಗುಲಿದರೆ ಶಾಯಿ ಎದುರಿನ ಕಾಗದಕ್ಕೆ ಹತ್ತುವ ಅಪಾಯವಿದೆ. ಅದಕ್ಕಿಂತ ಹೆಚ್ಚಾಗಿ, ಸಹಿಯಾದ ಮೇಲೆ ಪುಸ್ತಕ ನಿಮ್ಮ ಕೈಯಲ್ಲೇ ಇರುವುದಿಲ್ಲ.

ಇನ್ನು ಸಹಿಗಾಗಿ ಕವರಿನಲ್ಲಿ ಕಿಟಕಿ ಮಾಡುವ ಕೆಲಸ. ಇದು ಹತ್ತು ನಿಮಿಷದ್ದು, ಆದರೆ ಪುಸ್ತಕ ಉಳಿಸುವುದು ಇದೇ. ಖಾಲಿ ಪ್ಲಾಸ್ಟಿಕ್ ಕವರಿನೊಳಗೆ ದಪ್ಪ ರಟ್ಟು ತೂರಿಸಿ, ಸಹಿ ಬೀಳಬೇಕಾದ ಜಾಗದಲ್ಲಿ ಸುಮಾರು ಎರಡು ಇಂಚು ಎತ್ತರ, ಮೂರು ಇಂಚು ಅಗಲದ ಕಿಟಕಿಯನ್ನು ಬ್ಲೇಡಿನಿಂದ ಕತ್ತರಿಸಿ. ಪುಸ್ತಕ ಒಳಗಿರುವಾಗ ಬ್ಲೇಡ್ ಹತ್ತಿರವೂ ಬರಬಾರದು. ಮೂಲೆಗಳನ್ನು ದುಂಡಗೆ ತೆಗೆಯಿರಿ. ಚೂಪು ಮೂಲೆ ಪೆನ್ನಿಗೆ ಸಿಕ್ಕಿ ಮೇಲೇಳುತ್ತದೆ. ಕಿಟಕಿಯ ಸುತ್ತ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪನ್ನು ಹೊರಮೈಗೆ ಮಾತ್ರ ಅಂಟಿಸಿ. ಒಳಕ್ಕೆ ಮಡಿಸಿದರೆ ಅಂಟು ಮುಖಪುಟಕ್ಕೆ ತಾಗಿ, ಎಳೆದಾಗ ಬಣ್ಣವೇ ಕಿತ್ತು ಬರುತ್ತದೆ. ಆ ಟೇಪಿನ ಮೇಲೇ ಕಲಾವಿದರ ಹೆಸರು, ಪೆನ್ನಿನ ಬಣ್ಣ ಬರೆದಿಡಿ. ಪುಸ್ತಕ ಒಳಗೆ ಜಾರದಂತೆ ಕವರಿನ ಹಿಂಬದಿಯನ್ನು ಬಿಗಿ ಮಾಡಿ. ಸಹಿ ಹಾಕುವವರ ಅಂಗೈ ಪ್ಲಾಸ್ಟಿಕ್ ಮೇಲೆ ಕೂರುತ್ತದೆ, ಮುಖಪುಟಕ್ಕೆ ಬೆವರೂ ಇಲ್ಲ, ತಗ್ಗೂ ಇಲ್ಲ.

ಪೆನ್ ನೀವೇ ಕೊಂಡೊಯ್ಯುವುದು ಲೇಸು. ನಯವಾದ ತಿಳಿಬಣ್ಣದ ಮುಖಪುಟಕ್ಕೆ ಸಣ್ಣ ಮೊನೆಯ ಕಪ್ಪು ಶಾರ್ಪಿ ಮಾರ್ಕರ್ ಪೆನ್ ಸಾಕು. ಗಾಢ ಬಣ್ಣಕ್ಕೆ ಬಿಳಿ, ಬಂಗಾರ ಅಥವಾ ಬೆಳ್ಳಿಯ ಪೇಂಟ್ ಪೆನ್ ಬೇಕು. ಪೇಂಟ್ ಪೆನ್ನನ್ನು ಚೆನ್ನಾಗಿ ಅಲ್ಲಾಡಿಸಿ, ಮೊನೆಯನ್ನು ರದ್ದಿ ಕಾಗದದ ಮೇಲೆ ಒತ್ತಿ ಬಣ್ಣ ಹರಿಸಿ, ನಾಲ್ಕು ಗೆರೆ ಎಳೆದ ಮೇಲೆಯೇ ಕಲಾವಿದರ ಕೈಗೆ ಕೊಡಿ. ಇಲ್ಲದಿದ್ದರೆ ಮೊದಲ ಅಕ್ಷರದಲ್ಲೇ ದಪ್ಪ ಹನಿ ಬೀಳುತ್ತದೆ. ಹೊಳಪು ಲೇಪನವಿರುವ ಮುಖಪುಟದ ಮೇಲೆ ಈ ಬಣ್ಣ ಬೇಗ ಕಚ್ಚುವುದಿಲ್ಲ. ಪೂರ್ತಿ ಒಣಗುವ ತನಕ ಬೇರೊಂದು ಕವರಿಗೆ ಹಾಕಬಾರದು ಎಂದು ಸಾಕ್ಷಿಗೆ ನೆನಪಿಸಿ. ಬಾಲ್‌ಪೆನ್ ಬೇಡವೇ ಬೇಡ, ಅದು ಕಾಗದದಲ್ಲಿ ಹಳ್ಳ ತೋಡುತ್ತದೆ. ಮಾರುವ ಯೋಚನೆ ಇದ್ದರೆ 'ಪ್ರೀತಿಯ ಇಂಥವರಿಗೆ' ಎಂದು ಬರೆಸಬೇಡಿ. ಇಟ್ಟುಕೊಳ್ಳಲೆಂದೇ ಆದರೆ ಖಂಡಿತ ಬರೆಸಿ, ಆ ಸಾಲಿನಷ್ಟು ಸಂತೋಷ ಲೇಬಲ್ ಕೊಡುವುದಿಲ್ಲ.

ಹಣದ ವಿಷಯ. ಶುಲ್ಕಗಳು ಬದಲಾಗುತ್ತಿರುತ್ತವೆ, ಹಾಗಾಗಿ ಇಲ್ಲಿನ ಅಂಕಿಗಳನ್ನು ಲೆಕ್ಕದ ಮಾದರಿ ಎಂದಷ್ಟೇ ಹಿಡಿಯಿರಿ. ಪುಸ್ತಕ ಹೀಗೇ ಮಾರಿದರೆ 6,000 ರೂಪಾಯಿ ಎನ್ನೋಣ. ಕಲಾವಿದರ ಸಹಿ ಶುಲ್ಕ 4,000. ಗ್ರೇಡ್ ಮಾಡಿಸುವ ಪ್ರತಿಗೆ ಹೆಚ್ಚು ಕೇಳುವ ಕಲಾವಿದರೂ ಇದ್ದಾರೆ. ಗ್ರೇಡಿಂಗ್, ಸಾಕ್ಷಿ, ನಿರ್ವಹಣೆ ಸೇರಿ 7,000. ಎರಡೂ ಕಡೆಯ ಕೊರಿಯರ್, ವಿಮೆ 5,000. ಒಟ್ಟು 22,000. ಮಾರುವ ತಾಣ ಶೇ 13 ಕಮಿಷನ್ ಹಿಡಿದರೆ, ಸುಮಾರು 25,300ಕ್ಕೆ ಮಾರಿದಾಗ ಮಾತ್ರ ಅಸಲು ಕೈಸೇರುತ್ತದೆ. ಈಗ ಅದೇ ಸಂಚಿಕೆಯ, ಅದೇ ಸಹಿಯ ಹಳದಿ ಪ್ರತಿಗಳು ನಿಜವಾಗಿ ಮಾರಾಟವಾದ ಬೆಲೆ ನೋಡಿ. ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. 9.8ರ ಬೆಲೆಯನ್ನಲ್ಲ, 9.4ರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಿರಿ. 9.4ರಲ್ಲೂ ಅಸಲು ಬರುವುದಾದರೆ ಮುಂದುವರಿಯಿರಿ. ಹೊಸ ಕಾಮಿಕ್‌ಗಳಲ್ಲಿ 9.8 ಮತ್ತು 9.6ರ ನಡುವಿನ ಬೆಲೆಯ ಅಂತರ ದೊಡ್ಡದು, ಕಣ್ಣಿಗೆ ಕಾಣುವ ಅಂತರ ಮಾತ್ರ ಬೆನ್ನಿನ ಒಂದೆರಡು ಗೆರೆ.

ಸ್ಲ್ಯಾಬ್ ಬಗ್ಗೆ ನಮ್ಮ ಅಭಿಪ್ರಾಯ ಮಿಶ್ರ. ಸಾಗಾಟದಲ್ಲಿ ಪುಸ್ತಕದ ಮೂಲೆ ಕಾಯುವುದರಲ್ಲಿ ಅದು ಒಳ್ಳೆಯದೇ. ಆದರೆ ಮೈ ಬೇಗ ಗೀಚುತ್ತದೆ, ಎರಡು ಪ್ಲಾಸ್ಟಿಕ್ ಪದರ ತಾಗುವಲ್ಲಿ ಕೆಲವೊಮ್ಮೆ ಕಾಮನಬಿಲ್ಲಿನಂಥ ಉಂಗುರಗಳು ಕಾಣುತ್ತವೆ. ಪೆಟ್ಟಿಗೆ ಜೋರಾಗಿ ಕುಲುಕಿದರೆ ಒಳಗಿನ ಪುಸ್ತಕವೇ ಜಾರಿ ಅಂಚು ಮಡಚಬಹುದು. ಹಾಗಾದಾಗ ಲೇಬಲ್ಲಿನ ಅಂಕಕ್ಕೂ ಒಳಗಿರುವ ಪುಸ್ತಕಕ್ಕೂ ಹೊಂದಿಕೆಯೇ ಉಳಿಯುವುದಿಲ್ಲ. ಪೆಟ್ಟಿಗೆ ಬದಲಿಸಿಕೊಡುವ ಸೇವೆಯನ್ನು ದುರುಪಯೋಗ ಮಾಡಿ ಒಳಗಿನ ಪುಸ್ತಕವನ್ನೇ ಅದಲು ಬದಲು ಮಾಡಿದ ಪ್ರಕರಣ 2023ರ ಕೊನೆಯಲ್ಲಿ ಹೊರಬಿದ್ದ ಮೇಲೆ ಕೊಳ್ಳುವವರ ಎಚ್ಚರವೂ ಹೆಚ್ಚಿದೆ. ದುಬಾರಿ ಪ್ರತಿ ಕೊಳ್ಳುವಾಗ ಪ್ರಮಾಣಪತ್ರದ ಸಂಖ್ಯೆಯನ್ನು ಸಿಜಿಸಿ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಬೆನ್ನಿನ ಗೆರೆಗಳನ್ನೂ ಮುದ್ರಣದ ಅಂಚನ್ನೂ ಒಂದೊಂದಾಗಿ ಹೋಲಿಸಿ.

ಸಾಕ್ಷಿಯಿಲ್ಲದ ಹಳೆಯ ಸಹಿ ಇರುವವರಿಗೆ ಸಿಬಿಸಿಎಸ್ ಎಂಬ ಇನ್ನೊಂದು ಕಂಪನಿ ದಾರಿ ಕೊಡುತ್ತದೆ. ಸಹಿ ಪರೀಕ್ಷಿಸುವ ಬೆಕೆಟ್ ಸಂಸ್ಥೆಯ ಪರಿಣತರು ಸಹಿಯನ್ನು ಮಾದರಿಗಳ ಜೊತೆ ಹೋಲಿಸಿ ಒಪ್ಪಿದರೆ ಕೆಂಪು ಲೇಬಲ್. ಸಿಜಿಸಿ ಕೂಡ ಜೆಎಸ್‌ಎ ಎಂಬ ಸಹಿ ಪರೀಕ್ಷಕ ಕಂಪನಿಯ ಜೊತೆ ಸೇರಿ ಇಂಥದೊಂದು ವ್ಯವಸ್ಥೆ ತಂದಿದೆ. ಇದು ಹೋಲಿಕೆಯ ಮೇಲೆ ನಿಂತ ಅಭಿಪ್ರಾಯ, ಕಣ್ಣಾರೆ ಕಂಡ ಸಾಕ್ಷಿಯಲ್ಲ. ಹಳದಿ ಲೇಬಲ್ಲಿಗೇ ಜನ ಹೆಚ್ಚು ಒಲಿಯುವುದು ಈ ಕಾರಣಕ್ಕೆ.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಕಳಿಸುವವರು ಎರಡು ವಿಷಯ ಗಮನಿಸಿ. ಪುಸ್ತಕ ಕೆಲಸ ಮುಗಿಸಿ ವಾಪಸ್ ಬರುವ ವಸ್ತು ಎಂಬ ಕಾಗದಪತ್ರವನ್ನು ಕಳಿಸುವಾಗಲೇ ಮಾಡಿಸಿಡಿ. ಇಲ್ಲದಿದ್ದರೆ ವಾಪಸ್ ಬಂದಾಗ ಕಸ್ಟಮ್ಸ್‌ನವರು ಅದನ್ನು ಹೊಸದಾಗಿ ಕೊಂಡ ವಸ್ತುವೆಂದು ಎಣಿಸಬಹುದು. ಇನ್ನೊಂದು, ಸ್ಲ್ಯಾಬ್ ಗಾಳಿಯಾಡದ ಡಬ್ಬಿಯಲ್ಲ. ಕರಾವಳಿಯ ಮಳೆಗಾಲದಲ್ಲಿ ಒಳಗಿನ ಪಿನ್ನಿಗೂ ತುಕ್ಕು ಬರಬಹುದು. ಹೊರಗೋಡೆಗೆ ತಾಗಿಸದೆ, ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಪೊಟ್ಟಣ ಬಣ್ಣ ತಿರುಗಿದಾಗ ಬದಲಿಸಿ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಹಿಯಿರುವ ಅಮರ ಚಿತ್ರ ಕಥೆ ಕೆಲವರ ಮನೆಯಲ್ಲಿ ಇದ್ದೀತು. ಅವರು 2011ರಲ್ಲಿ ತೀರಿಕೊಂಡರು, ಹಳದಿ ಲೇಬಲ್ಲಿನ ಪ್ರಶ್ನೆ ಈಗ ಏಳುವುದಿಲ್ಲ. ಆ ಸರಣಿಗೆ ಮರುಮುದ್ರಣಗಳು ಹೇರಳ, ಮೊದಲ ಮುದ್ರಣ ಗುರುತಿಸುವುದೇ ದೊಡ್ಡ ಕೆಲಸ. ಹೋಲಿಸಲು ಸಾಕಷ್ಟು ಮಾದರಿ ಸಹಿಗಳಿಲ್ಲದೆ ವಿದೇಶದ ಪರಿಣತರೂ ತೀರ್ಪು ಕೊಡಲಾರರು. ಅಂಥ ಪ್ರತಿಯನ್ನು ಸ್ಲ್ಯಾಬ್‌ಗೆ ಕಳಿಸಬೇಡಿ. ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವರು, ಆಮ್ಲರಹಿತ ರಟ್ಟು ಸಾಕು. ಸಹಿ ಎಲ್ಲಿ, ಯಾವ ದಿನ, ಯಾರ ಎದುರು ಬಿತ್ತು ಎಂಬುದನ್ನು ಪೆನ್ಸಿಲ್ಲಿನಲ್ಲಿ ಚೀಟಿಗೆ ಬರೆದು ರಟ್ಟಿನ ಹಿಂದೆ ಇಡಿ. ಅವತ್ತಿನ ಫೋಟೋ ಇದ್ದರೆ ಅದರ ಪ್ರತಿಯನ್ನೂ ಜೊತೆಗಿಡಿ.