ಹಸ್ತಾಂತರ ಕಾಯ್ದೆ, 1962: ಅಗ್ಗದ ಬೇರ್ ಆಕ್ಟ್ ಕೊಳ್ಳುವ ಮುನ್ನ

ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಿ, ಆದರೆ ಕೆಂಪು ಪೆನ್ನು ಹಿಡಿದುಕೊಂಡೇ ಓದಿ. ಧಾರವಾಡದ ಕಾನೂನು ಪುಸ್ತಕದಂಗಡಿಯೊಂದರಲ್ಲಿ ನೂರು ರೂಪಾಯಿಯೊಳಗೆ ಸಿಕ್ಕಿದ ತೆಳ್ಳನೆಯ ಇಂಗ್ಲಿಷ್ ಪುಸ್ತಿಕೆ ಇದು: ಒಂದು ದೇಶದ ಆರೋಪಿ ಇನ್ನೊಂದು ದೇಶಕ್ಕೆ ಓಡಿಹೋದರೆ ಅವನನ್ನು ಒಪ್ಪಿಸುವ ಬಗೆ ಹೇಳುವ ಕಾಯ್ದೆಯ ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಬರೀ ಮೂಲಪಾಠ. ಪ್ರಕಾಶಕರ ಹೆಸರು ಬೇಡ. ಇಂಥ ಮುದ್ರಣ ಮಾಡುವವರು ಅವರೊಬ್ಬರೇ ಅಲ್ಲ.

ಕ್ರಿಮಿನಲ್ ಪ್ರಕರಣ ನಡೆಸುವ ನನಗೂ ಈ ಕಾಯ್ದೆ ದಿನನಿತ್ಯ ಬೇಕಾಗುವಂಥದ್ದಲ್ಲ. ಆದರೆ ವಿಜಯ್ ಮಲ್ಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೆಲ್ಲ ಕಕ್ಷಿದಾರರದು ಒಂದೇ ಪ್ರಶ್ನೆ: “ಸಾಹೇಬರೇ, ಸರ್ಕಾರ ಹೋಗಿ ಎಳೆದುಕೊಂಡು ಬರಬಾರದೇ?” ಅವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಪುಸ್ತಿಕೆಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಮಲ್ಯ ಪ್ರಕರಣ ನಡೆದದ್ದು ಬ್ರಿಟನ್ನಿನ ಕಾನೂನಿನಡಿ, ಈ ಪುಸ್ತಿಕೆಯಡಿ ಅಲ್ಲ. ಆದರೂ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ 2018ರಲ್ಲಿ, ಮಲ್ಯರನ್ನು ಇಡಬೇಕಿದ್ದ ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ತರಿಸಿ, ಕೋಣೆಗೆ ಹಗಲು ಬೆಳಕು ಬೀಳುತ್ತದೆಯೇ ಎಂದು ನೋಡಿತಲ್ಲ, ಅದನ್ನು ಕೇಳಿ ನಗುವವರಿಗೆ ನಮ್ಮ ಕಾಯ್ದೆಯನ್ನೂ ಓದಿಸಬೇಕು. ಇನ್ನೊಂದು ದೇಶ ಕೇಳಿದ ಮಾತ್ರಕ್ಕೆ ನಾವೂ ಯಾರನ್ನೂ ಒಪ್ಪಿಸಿಬಿಡುವುದಿಲ್ಲ. ಎರಡನೆಯ ಅಧ್ಯಾಯದ ಪ್ರಕಾರ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು. ಕೋರಿಕೆಯನ್ನು ಬೆಂಬಲಿಸುವಷ್ಟು ಪುರಾವೆ ಮೇಲ್ನೋಟಕ್ಕೂ ಕಾಣದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡಬೇಕು. ಅದು 7ನೇ ಕಲಂ.

ಈಗ ಮುದ್ರಣದ ವಿಚಾರ. ಆರೋಪಿಯ ಪಾಲಿಗೆ ಈ ಕಾಯ್ದೆಯ ಜೀವ ಇರುವುದು 31ನೇ ಕಲಮಿನಲ್ಲಿ. ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಒಪ್ಪಿಸುವಂತಿಲ್ಲ, ಕೇಳುವ ದೇಶದ ಕಾನೂನಿನಲ್ಲಿ ಕಾಲಮಿತಿ ಮೀರಿದ್ದರೆ ಒಪ್ಪಿಸುವಂತಿಲ್ಲ, ಮ್ಯಾಜಿಸ್ಟ್ರೇಟರು ಜೈಲಿಗೆ ಕಳುಹಿಸಿದ ಮೇಲೆ ಹದಿನೈದು ದಿನ ಕಳೆಯುವ ಮುನ್ನ ಒಪ್ಪಿಸುವಂತಿಲ್ಲ. ನನ್ನ ಪ್ರತಿಯಲ್ಲಿ ಈ ಕಲಮಿನ ಮೊದಲ ಸಾಲಿನ ‘ನಾಟ್’ (not, ಅಂದರೆ ‘ಇಲ್ಲ’) ಬಿದ್ದುಹೋಗಿದೆ! ಮುದ್ರಿತ ಪಾಠವನ್ನೇ ನಂಬಿದರೆ ರಾಜಕೀಯ ಆರೋಪಿಯನ್ನು ಕಡ್ಡಾಯವಾಗಿ ವಿಮಾನ ಹತ್ತಿಸಬೇಕು. ಮೂರಕ್ಷರದ ಲೋಪಕ್ಕೆ ಒಬ್ಬ ಮನುಷ್ಯನ ರಕ್ಷಣೆಯೇ ತಲೆಕೆಳಗಾಯಿತು. ಕಾಗುಣಿತದ ತಪ್ಪನ್ನು ಕ್ಷಮಿಸುತ್ತೇನೆ, ಇದನ್ನಲ್ಲ. ಅಂಗಡಿಯವರಿಗೆ ತೋರಿಸಿದೆ. ಅವರು ಕಟ್ಟಿನಿಂದ ಇನ್ನೊಂದು ಪ್ರತಿ ಎಳೆದು ಕೊಟ್ಟರು. ಅದರಲ್ಲೂ ಅದೇ ಕಥೆ.

21ನೇ ಕಲಂ ಮಾತ್ರ ಶುದ್ಧವಾಗಿದೆ, ಪುಣ್ಯ. ಹೊರದೇಶದಿಂದ ಇಲ್ಲಿಗೆ ಕರೆತಂದವನನ್ನು ಯಾವ ಅಪರಾಧಕ್ಕೆಂದು ಒಪ್ಪಿಸಿದರೋ ಅದಕ್ಕೆ, ಅದೇ ಸಂಗತಿಗಳಿಂದ ಹೊರಡುವ ಕಿರಿಯ ಅಪರಾಧಕ್ಕೆ, ಇಲ್ಲವೇ ಆ ದೇಶ ಒಪ್ಪಿಗೆ ಕೊಟ್ಟ ಅಪರಾಧಕ್ಕೆ ಮಾತ್ರ ವಿಚಾರಣೆಗೆ ಒಳಪಡಿಸಬೇಕು ಎನ್ನುತ್ತದೆ ಅದು. ಮಲ್ಪೆ ಮೂಲದ ಭೂಗತ ಪಾತಕಿ ರವಿ ಪೂಜಾರಿಯನ್ನು 2020ರ ಫೆಬ್ರವರಿಯಲ್ಲಿ ಸೆನೆಗಲ್‌ನಿಂದ ಬೆಂಗಳೂರಿಗೆ ತಂದಾಗ, ಹಳೆಯ ಕಡತಗಳನ್ನೆಲ್ಲ ಒಟ್ಟಿಗೆ ಬಿಚ್ಚಬಹುದೆಂದು ನಮ್ಮ ವಕೀಲರ ಸಂಘದಲ್ಲೇ ವಾದಿಸಿದವರಿದ್ದರು. ಅವರ ಮುಂದೆ ಈ ಪುಟ ತೆರೆದಿಟ್ಟೆ. ಅಮೆರಿಕದಿಂದ ಕರೆತಂದ ದಯಾ ಸಿಂಗ್ ಲಹೋರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಈ ಕಟ್ಟುಪಾಡನ್ನು ಎತ್ತಿಹಿಡಿದಿದೆ. ಪುಸ್ತಿಕೆಯಲ್ಲಿ ಆ ತೀರ್ಪಿನ ಉಲ್ಲೇಖ ಒಂದು ಸಾಲೂ ಇಲ್ಲ. ಬೇರ್ ಆಕ್ಟ್‌ನಲ್ಲಿ ತೀರ್ಪು ಹುಡುಕುವುದು ಅತಿಯಾಸೆ ಎನ್ನಬಹುದು, ಆದರೆ ಮುಖಪುಟದಲ್ಲಿ ‘ಟಿಪ್ಪಣಿ ಸಹಿತ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರು ಅವರೇ.

ಇರುವ ಟಿಪ್ಪಣಿಗಳೋ, 1993ರ ತಿದ್ದುಪಡಿಯಲ್ಲಿ ಯಾವ ಪದ ಎಲ್ಲಿ ಬದಲಾಯಿತು ಎಂಬುದಷ್ಟೇ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ. ಜಾಮೀನಿನ 25ನೇ ಕಲಮಿನಲ್ಲಿ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೇ ಇದೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ ಎಂಬ ಸೂಚನೆ ಎಲ್ಲೂ ಇಲ್ಲ. ‘ಇತ್ತೀಚಿನ ಆವೃತ್ತಿ’ಯಂತೆ. ಕೊನೆಯಲ್ಲಿ ಪದಸೂಚಿಯೂ ಇಲ್ಲ. ಈ ಕಾಯ್ದೆಗೆ ಅದು ದೊಡ್ಡ ಕೊರತೆ, ಏಕೆಂದರೆ ಆರೋಪಿಗೆ ಬೇಕಾದದ್ದೆಲ್ಲ ಚದುರಿಹೋಗಿದೆ. ಒಪ್ಪಿಸಲೆಂದು ಜೈಲಿಗೆ ಕಳುಹಿಸಿದ ಮೇಲೆ ಎರಡು ತಿಂಗಳೊಳಗೆ ದೇಶದಾಚೆ ಕಳುಹಿಸದಿದ್ದರೆ ಬಿಡುಗಡೆಗೆ ಹೈಕೋರ್ಟಿಗೆ ಹೋಗಬಹುದು ಎನ್ನುವುದು 24ರಲ್ಲಿ. ತಾತ್ಕಾಲಿಕವಾಗಿ ಬಂಧಿಸಿ ಅರವತ್ತು ದಿನಗಳಲ್ಲಿ ಅಧಿಕೃತ ಕೋರಿಕೆ ಬಾರದಿದ್ದರೆ ಬಿಡಬೇಕು ಎನ್ನುವುದು 34ಬಿಯಲ್ಲಿ. ಆರೋಪ ಕ್ಷುಲ್ಲಕವಾಗಿದ್ದರೆ ಅಥವಾ ಕೋರಿಕೆಯ ಹಿಂದೆ ಸದುದ್ದೇಶ ಇರದಿದ್ದರೆ ಕೇಂದ್ರ ಸರ್ಕಾರವೇ ಕೈಬಿಡಬಹುದು ಎನ್ನುವುದು 29ರಲ್ಲಿ. ಜೂನಿಯರ್‌ಗಳಿಗೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ ಹಿಂಬದಿಗೆ ಅಂಟಿಸಿದ್ದೇನೆ. ಪ್ರಕಾಶಕರು ಮಾಡಬೇಕಿದ್ದ ಕೆಲಸ.

34ಸಿ ಕಲಂ ಎರಡು ಪುಟಗಳಲ್ಲಿ ಹರಿದು ಹಂಚಿಹೋಗಿದೆ. ಮರಣದಂಡನೆ ಇಲ್ಲದ ದೇಶ ಒಬ್ಬನನ್ನು ನಮಗೆ ಒಪ್ಪಿಸಿದರೆ ಇಲ್ಲಿಯೂ ಅವನಿಗೆ ಜೀವಾವಧಿಯೇ ಗರಿಷ್ಠ ಶಿಕ್ಷೆ ಎಂಬ ಮಾತು ಅಲ್ಲಿದೆ. ಪೋರ್ಚುಗಲ್ ಒಪ್ಪಿಸಿದ ಭೂಗತ ಪಾತಕಿ ಅಬು ಸಲೇಂ ವಿಷಯದಲ್ಲಿ ಭಾರತ ಇನ್ನೂ ಮುಂದೆ ಹೋಗಿ, ಸೆರೆವಾಸ 25 ವರ್ಷ ಮೀರುವುದಿಲ್ಲ ಎಂದು ಪೋರ್ಚುಗಲ್‌ಗೆ ವಚನ ಕೊಟ್ಟಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಟ್ಟ ಮಾತು ಮುರಿದರೆ ಮುಂದಿನವನನ್ನು ಯಾವ ದೇಶ ಕೊಡುತ್ತದೆ? ಕಕ್ಷಿದಾರರ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಬರೀ ಓದಿಗಾದರೆ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲಪಾಠ ಉಚಿತವಾಗಿ ಸಿಗುತ್ತದೆ. ಪುಸ್ತಿಕೆಯೇ ಬೇಕೆಂದರೆ ಅಂಗಡಿಯಲ್ಲೇ 31ನೇ ಕಲಮಿನ ಮೊದಲ ಸಾಲು ಓದಿ ನೋಡಿ, ಆಮೇಲೆ ದುಡ್ಡು ಕೊಡಿ. ಐದರಲ್ಲಿ ಎರಡು ನಕ್ಷತ್ರ. ಎರಡೂ ಕಾಯ್ದೆಗೆ, ಮುದ್ರಣಕ್ಕಲ್ಲ.