ಹುಡುಕಿದಾಗ ಮೇಲೆ ಬರುವ ಮೊದಲ ಲಿಂಕ್ ಒತ್ತಬೇಡಿ: ನಕಲಿ ಗಿಂಪ್‌ನಿಂದ ನಮ್ಮ ಮನೆಯಲ್ಲಿ ಆದದ್ದು

ಫೋಟೋ ತಿದ್ದುವ ಗಿಂಪ್, ವಿಡಿಯೋ ನೋಡುವ ವಿಎಲ್‌ಸಿ, ಪರದೆ ರೆಕಾರ್ಡ್ ಮಾಡುವ ಓಬಿಎಸ್, ಫೈಲ್ ಕುಗ್ಗಿಸುವ ಸೆವೆನ್ ಜಿಪ್, ಇಂಥ ಪುಕ್ಕಟೆ ಸಾಫ್ಟ್‌ವೇರ್ ಯಾವುದೇ ಬೇಕಾದರೂ ಹೆಸರು ಟೈಪ್ ಮಾಡಿ, ಮೇಲೆ ಬಂದ ಮೊದಲ ಲಿಂಕ್ ಒತ್ತುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಇವತ್ತೇ ಬಿಡಿ. ಎಷ್ಟೋ ಸಲ ಅದು ಜಾಹೀರಾತು. ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇರುತ್ತದೆ. ದುಡ್ಡು ಕೊಟ್ಟರೆ ಕಳ್ಳರೂ ಅಲ್ಲಿ ಬಂದು ಕೂರಬಹುದು.

ಚಿಕ್ಕಮಗಳೂರಿನ ಕೈಮರದ ಹತ್ತಿರ ನಮ್ಮ ಅತ್ತಿಗೆ ಒಂದು ಸಣ್ಣ ಹೋಮ್‌ಸ್ಟೇ ನಡೆಸುತ್ತಾರೆ. ತೋಟದ ಫೋಟೋಗಳನ್ನು ಚೆಂದ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕಲು ಅವರಿಗೆ ಗಿಂಪ್ ಬೇಕಿತ್ತು. ಹುಡುಕಿದರು, ಮೇಲಿನದನ್ನು ಒತ್ತಿದರು. ಪುಟ ಥೇಟ್ ಅಸಲಿಯ ಹಾಗೇ ಇತ್ತು. ಇಳಿದದ್ದು ಒಂದು ಜಿಪ್ ಫೈಲ್. ಅದನ್ನು ತೆರೆಯುವ ಪಾಸ್‌ವರ್ಡ್ ಅದೇ ಪುಟದಲ್ಲಿ ಬರೆದಿತ್ತು.

ಇಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ. ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಸಾಫ್ಟ್‌ವೇರ್‌ಗೆ ಪಾಸ್‌ವರ್ಡ್ ಯಾಕೆ ಬೇಕು? ಆಂಟಿವೈರಸ್ ಒಳಗೆ ಇಣುಕಬಾರದು ಅಂತಲೇ ಹಾಗೆ ಬೀಗ ಹಾಕುತ್ತಾರೆ. 2022ರಲ್ಲೂ ಗಿಂಪ್ ಹೆಸರಿನಲ್ಲೇ ಇಂಥ ಜಾಹೀರಾತು ಬಂದು ಸುದ್ದಿಯಾಗಿತ್ತು. ಆಗ ಸುಮಾರು 5 ಎಂಬಿ ಫೈಲಿಗೆ ಕಸ ತುಂಬಿ 700 ಎಂಬಿಯಷ್ಟು ದಪ್ಪ ಮಾಡಿದ್ದರು. ದೊಡ್ಡದಿದ್ದರೆ ಅಸಲಿ ಅನ್ನಿಸುತ್ತದೆ, ಅಲ್ವಾ? ಅಷ್ಟು ದೊಡ್ಡ ಫೈಲನ್ನು ಎಷ್ಟೋ ಸ್ಕ್ಯಾನರ್‌ಗಳು ನೋಡುವುದೂ ಇಲ್ಲ.

ಅತ್ತಿಗೆ ಕ್ಲಿಕ್ ಮಾಡಿದರೆ ಏನೂ ತೆರೆಯಲಿಲ್ಲ. ಹಳೇ ಲ್ಯಾಪ್‌ಟಾಪ್ ಅಂದುಕೊಂಡು ಮುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಇನ್‌ಸ್ಟಾಗ್ರಾಮ್ ಖಾತೆ ಬೇರೆಯವರ ಕೈಯಲ್ಲಿತ್ತು. “ಓಟಿಪಿ ಯಾರಿಗೂ ಹೇಳಿಲ್ಲ ಕಣೋ, ಎರಡು ಹಂತದ ಲಾಗಿನ್ ಕೂಡ ಇತ್ತಲ್ಲ” ಎಂದು ಅಳುತ್ತಲೇ ಫೋನ್ ಮಾಡಿದರು. ಅವರು ಹೇಳಿದ್ದು ನಿಜ. ಕಳ್ಳರಿಗೆ ಓಟಿಪಿ ಬೇಕಾಗಿರಲೇ ಇಲ್ಲ. ನಾವು ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಕುಕಿ ಇಟ್ಟುಕೊಳ್ಳುತ್ತದೆ. ಟಿಕೆಟ್ ನೋಡಿ ಒಳಗೆ ಬಿಟ್ಟವರ ಕೈಗೆ ಒತ್ತುವ ಸೀಲ್ ಇದ್ದ ಹಾಗೆ ಅದು. ನಕಲಿ ಫೈಲಿನೊಳಗಿನ ಕಳ್ಳ ಸಾಫ್ಟ್‌ವೇರ್ ಆ ಕುಕಿಯನ್ನೇ ಎತ್ತಿಕೊಂಡು ಹೋದರೆ ಪಾಸ್‌ವರ್ಡನ್ನೂ ಯಾರೂ ಕೇಳುವುದಿಲ್ಲ, ಓಟಿಪಿಯನ್ನೂ ಕೇಳುವುದಿಲ್ಲ. ಬ್ರೌಸರ್‌ನಲ್ಲಿ ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳೂ ಜೊತೆಗೇ ಹೋಗಿದ್ದವು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ರೂಮ್ ಕೇಳಿದ್ದ ಅತಿಥಿಗಳಿಗೆಲ್ಲ ಆ ಖಾತೆಯಿಂದಲೇ ಮೆಸೇಜ್ ಹೋಯಿತು, ಅಡ್ವಾನ್ಸನ್ನು ಹೊಸ ಯುಪಿಐಗೆ ಕಳಿಸಿ ಅಂತ. ಹಾಸನದ ಒಂದು ಕುಟುಂಬ ದುಡ್ಡು ಕಳಿಸಿ, ವಯಸ್ಸಾದ ಅಜ್ಜಿಯನ್ನೂ ಕರೆದುಕೊಂಡು ಬಾಗಿಲಿಗೆ ಬಂದು ನಿಂತಿತು. ರೂಮ್ ಇರಲಿಲ್ಲ. ಅತ್ತಿಗೆ ಅವರಿಗೆ ಊಟ ಹಾಕಿ, ಬೇರೆ ಕಡೆ ಜಾಗ ಹುಡುಕಿಕೊಟ್ಟರು. ಇಂಥ ಕಡೆ ದುಡ್ಡು ಹೋದರೆ ಕಳಿಸಿದವರೇ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಸಾಧ್ಯವಾಗುವುದು ಬೇಗ ದೂರು ಕೊಟ್ಟರೆ ಮಾತ್ರ.

ನನಗೆ ಜಾಸ್ತಿ ಸಂಕಟ ಆದದ್ದು ಆಧಾರ್ ವಿಷಯಕ್ಕೆ. ಉಳಿದುಕೊಳ್ಳಲು ಬಂದವರ ಆಧಾರ್ ಪ್ರತಿಗಳು ಡೆಸ್ಕ್‌ಟಾಪಿನ ಒಂದು ಫೋಲ್ಡರ್‌ನಲ್ಲಿದ್ದವು. ಇಂಥ ಕಳ್ಳ ಸಾಫ್ಟ್‌ವೇರ್ ಫೈಲುಗಳನ್ನೂ ಬಾಚಿಕೊಂಡು ಹೋಗುತ್ತದೆ. ಏನೂ ಅರಿಯದ ಅತಿಥಿಗಳ ಗುರುತು ಯಾರ ಕೈ ಸೇರಿತೋ. ಹೋಮ್‌ಸ್ಟೇ, ಲಾಡ್ಜ್ ನಡೆಸುವವರು ಇದನ್ನು ಸುಮ್ನೆ ಬಿಡಬೇಡಿ. ಮಾಸ್ಕ್ ಮಾಡಿದ ಆಧಾರ್ ಕೇಳಿ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಅದರಲ್ಲಿ ಕಾಣುತ್ತವೆ. ನೀವು ಅತಿಥಿಯಾದರೆ ಅದನ್ನೇ ಕೊಡಿ.

ಲ್ಯಾಪ್‌ಟಾಪನ್ನು ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಅಲ್ಲಿ ಒಂದು ಸ್ಕ್ಯಾನ್ ಓಡಿಸಿ “ಕ್ಲೀನ್ ಇದೆ ಮೇಡಂ” ಅಂದರಂತೆ. ಅತ್ತಿಗೆ ಅದೇ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಬದಲಿಸಿದರು. ಹೊಸದೂ ಹೋಯಿತು! ಈ ಪರಿಸ್ಥಿತಿ ಬಂದರೆ ಮೊದಲು ಇಂಟರ್‌ನೆಟ್ ಕತ್ತರಿಸಿ. ಬೇರೆ ಫೋನ್‌ನಿಂದ ಇಮೇಲ್‌ಗೆ ಹೋಗಿ, ಎಲ್ಲಾ ಸಾಧನಗಳಿಂದ ಲಾಗ್‌ಔಟ್ ಕೊಡಿ. ಕದ್ದ ಕುಕಿ ಸಾಯುವುದು ಆಗಲೇ. ಪಾಸ್‌ವರ್ಡನ್ನೂ ಅಲ್ಲಿಂದಲೇ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಅಥವಾ ಲಿನಕ್ಸ್ ಹಾಕಿ. ಸ್ಕ್ಯಾನ್ ನಂಬಿ ಕೂರಬೇಡಿ.

ಅತ್ತಿಗೆ ಈಗ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಅಂದರೇ ಹೆದರುತ್ತಾರೆ. ಅದು ನನಗೆ ತುಂಬಾ ಬೇಸರ. 1996ರಿಂದ ಜನ ಕೂಡಿ ಕಟ್ಟಿಕೊಂಡು ಬಂದ ಗಿಂಪ್‌ನದು ಇದರಲ್ಲಿ ಏನೂ ತಪ್ಪಿಲ್ಲ. ಅದರ ಅಸಲಿ ತಾಣ ಗಿಂಪ್ ಡಾಟ್ ಆರ್ಗ್. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೂ ಅವರೇ ಇಟ್ಟಿದ್ದಾರೆ. ವಿಎಲ್‌ಸಿಗೆ ವಿಡಿಯೋಲ್ಯಾನ್ ಡಾಟ್ ಆರ್ಗ್. ಸೆವೆನ್ ಜಿಪ್‌ನದೂ ಡಾಟ್ ಆರ್ಗ್, 7 ಆದ ಮೇಲೆ ಒಂದು ಅಡ್ಡಗೆರೆ ಇದೆ. ಗೆರೆಯಿಲ್ಲದ ಡಾಟ್ ಕಾಮ್ ಅವರದಲ್ಲ. ವಿಳಾಸವನ್ನು ನೀವೇ ಟೈಪ್ ಮಾಡಿ, ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಫೈರ್‌ಫಾಕ್ಸ್ ಬ್ರೌಸರ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್ ಬ್ಲಾಕರ್ (ಜಾಹೀರಾತು ತಡೆಯುವ ಸಾಧನ) ಹಾಕಿದರೆ ಈ ಜಾಹೀರಾತು ಬಹುತೇಕ ಕಾಣುವುದೇ ಇಲ್ಲ. ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿ ಎಂದು ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರ್‌ನಲ್ಲಿ ಜನರಿಗೆ ಹೇಳಿತ್ತು. ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಿಂದ ತೆಗೆದು, ಪಾಸ್‌ವರ್ಡ್ ಜೋಪಾನ ಮಾಡುವ ಸಾಫ್ಟ್‌ವೇರ್‌ಗಳಾದ ಕೀಪಾಸ್‌ಎಕ್ಸ್‌ಸಿ ಅಥವಾ ಬಿಟ್‌ವಾರ್ಡನ್‌ಗೆ ಹಾಕಿ. ಅವನ್ನೂ ಅವರವರ ತಾಣದಿಂದಲೇ ಇಳಿಸಿಕೊಳ್ಳಿ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕೀಪಾಸ್ ಹೆಸರಿನಲ್ಲೂ 2023ರಲ್ಲಿ ನಕಲಿ ಜಾಹೀರಾತು ಬಂದಿತ್ತು.